ಕೋಡ್ ಅಕ್ಕನ ಫೋನಿನಲ್ಲಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಇನ್ನೊಬ್ಬರ ದುಡ್ಡಿಗೆ ಪೈಸೆ ತಪ್ಪದ ಲೆಕ್ಕ ಬರೆಯುವ ನಾನು, ಆನ್‌ಲೈನ್ ಜೂಜಿನಲ್ಲಿ ನನ್ನ ದುಡ್ಡು ಎಷ್ಟು ಹೋಗಿದೆ ಅಂತ ಒಂದೂವರೆ ವರ್ಷ ಕೂಡಿಸಿ ನೋಡಿರಲಿಲ್ಲ. ನೋಡಿದ ದಿನ ಬಂದ ಮೊತ್ತ 4,12,000 ರೂಪಾಯಿ.

ಆಟ ಏನೂ ದೊಡ್ಡದಲ್ಲ. ಪರದೆ ಮೇಲೆ ಒಂದು ವಿಮಾನ ಏರುತ್ತದೆ. ಜೊತೆಗೆ ಅಂಕಿಯೂ ಏರುತ್ತದೆ: 1.20, 1.50, 2. ವಿಮಾನ ಮಾಯವಾಗುವ ಮುಂಚೆ ಗುಂಡಿ ಒತ್ತಿದರೆ ಹಾಕಿದ್ದರ ಅಷ್ಟು ಪಟ್ಟು ನಿಮ್ಮದು. ಹಾಕುತ್ತಿದ್ದದ್ದು ರೂಪಾಯಿ ಅಲ್ಲ, ಡಾಲರಿಗೆ ಸಮ ಅನ್ನಿಸಿಕೊಳ್ಳುವ ಯುಎಸ್‌ಡಿಟಿ ಅನ್ನುವ ಕ್ರಿಪ್ಟೊ ನಾಣ್ಯ. ದೀಪಾವಳಿಗೆ ನಮ್ಮೂರಲ್ಲಿ ಇಸ್ಪೀಟು ಆಡುವಾಗ ನೋಟು ಕೈಬಿಟ್ಟು ಹೋಗುವುದು ಕಣ್ಣಿಗೆ ಕಾಣುತ್ತದೆ. ಜೇಬು ಬರಿದಾದರೆ ಪಂಚೆ ಕೊಡವಿಕೊಂಡು ಏಳಲೇಬೇಕು. ಇಲ್ಲಿ ಪರದೆಯಲ್ಲಿ '5' ಹೋದರೆ ಐದು ರೂಪಾಯಿ ಹೋದಷ್ಟೇ ಅನ್ನಿಸುತ್ತದೆ. ಹೋಗಿದ್ದು ನಾನೂರಕ್ಕೂ ಮೇಲೆ.

ನಿಲ್ಲಿಸಬೇಕು ಅಂತ ಏನೇನು ಮಾಡಿಲ್ಲ! ದೇವರ ಮುಂದೆ ಇಟ್ಟ ಆಣೆ ಹನ್ನೊಂದು ದಿನ ಬಾಳಿತು. ಸೈಟಿನಲ್ಲೇ ದಿನದ ಮಿತಿ ಹಾಕಿಕೊಂಡೆ. ಮಿತಿ ಮುಗಿದ ರಾತ್ರಿ ಬೇರೆ ಇಮೇಲ್‌ನಿಂದ ಹೊಸ ಖಾತೆ ತೆರೆದೆ, ಆಧಾರ್ ಇರಲಿ ಹೆಸರನ್ನೂ ಕೇಳಲಿಲ್ಲ. ಬ್ಲಾಕ್ ಮಾಡುವ ಆ್ಯಪ್ ಹಾಕಿದರೆ ಟೆಲಿಗ್ರಾಂ ಗುಂಪಿನಲ್ಲಿ ಅದೇ ಸೈಟಿನ ಹೊಸ ವಿಳಾಸ ಬಂದಿರುತ್ತಿತ್ತು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿತು. ರೂಪಾಯಿಯಲ್ಲಿ ಆಡಿಸುತ್ತಿದ್ದ ದೊಡ್ಡ ಆ್ಯಪ್‌ಗಳು ಕೆಲವೇ ದಿನಗಳಲ್ಲಿ ಆಟ ನಿಲ್ಲಿಸಿದವು. ನನ್ನ ಸೈಟು ಇದ್ದದ್ದು ಹೊರದೇಶದಲ್ಲಿ, ಅದಕ್ಕೆ ಬಿಸಿಯೂ ತಟ್ಟಲಿಲ್ಲ.

ಕಣ್ಣು ತೆರೆಸಿದ್ದು ನನ್ನದೇ ಕಸುಬು. ಒಂದು ಭಾನುವಾರ ಎಕ್ಸೆಲ್ ತೆರೆದು ಕೂತೆ. ಒಂದು ಸುತ್ತಿಗೆ ಹತ್ತು ಸೆಕೆಂಡ್ ಅಂದರೆ ಗಂಟೆಗೆ 360 ಸುತ್ತು. ಸುತ್ತಿಗೆ 500 ರೂಪಾಯಿಯಂತೆ ಗಂಟೆಗೆ 1,80,000 ರೂಪಾಯಿ ಕೈ ಬದಲಾಯಿಸುತ್ತದೆ. ನೂರಕ್ಕೆ ಮೂರು ತಮ್ಮ ಪಾಲು ಅಂತ ಸೈಟಿನವರೇ ನಿಯಮದಲ್ಲಿ ಬರೆದುಕೊಂಡಿದ್ದರು. ಅಂದರೆ ಸರಾಸರಿ ಗಂಟೆಗೆ 5,400 ರೂಪಾಯಿ ನಾನು ಅವರಿಗೆ ಕೊಡುವ ಕೂಲಿ. ಮೂರು ಪರ್ಸೆಂಟ್ ಅಲ್ಪ ಅನ್ನಿಸಿತ್ತು, ಅದನ್ನು ವೇಗದಿಂದ ಗುಣಿಸಿರಲಿಲ್ಲ ಅಷ್ಟೆ.

ಆಗ ಹೊಳೆಯಿತು, ಮನಸ್ಸು ಗಟ್ಟಿ ಮಾಡಿಕೊಂಡು ಕೂತರೆ ಆಗುವ ಕೆಲಸ ಇದಲ್ಲ. ನನಗೆ ಚಪಲ ಹತ್ತುವುದಕ್ಕೂ ದುಡ್ಡು ಸೈಟಿಗೆ ಮುಟ್ಟುವುದಕ್ಕೂ ನಡುವೆ ಇದ್ದದ್ದು ಹತ್ತೇ ನಿಮಿಷ, ಅದೂ ರಾತ್ರಿ ಎರಡು ಗಂಟೆಗೆ. ಕ್ರಿಪ್ಟೊಗೆ ರಜೆ ಇಲ್ಲ, ಕೌಂಟರ್ ಮುಚ್ಚುವುದಿಲ್ಲ. ಆ ಹತ್ತು ನಿಮಿಷವನ್ನು ಎಳೆಯಬೇಕಿತ್ತು.

ನಾನು ರೂಪಾಯಿ ಕೊಟ್ಟು ಕ್ರಿಪ್ಟೊ ಕೊಳ್ಳುತ್ತಿದ್ದ ಎಕ್ಸ್‌ಚೇಂಜ್‌ನಲ್ಲಿ ಒಂದು ಸೆಟ್ಟಿಂಗ್ ಇತ್ತು: ಮೊದಲೇ ಸೇರಿಸಿದ ವಾಲೆಟ್ ವಿಳಾಸಗಳಿಗೆ (ಬ್ಯಾಂಕಿನ ಖಾತೆ ಸಂಖ್ಯೆ ಇದ್ದ ಹಾಗೆ) ಮಾತ್ರ ಕ್ರಿಪ್ಟೊ ಕಳಿಸಬಹುದು, ಹೊಸ ವಿಳಾಸ ಸೇರಿಸಿದರೆ 24 ಗಂಟೆ ಕಾಯಬೇಕು. ಕಳ್ಳರಿಂದ ಕಾಯಲು ಮಾಡಿದ್ದು. ನನ್ನ ವಿಷಯದಲ್ಲಿ ಕಳ್ಳ ನಾನೇ. ಅದನ್ನು ಆನ್ ಮಾಡಿ, ಪಟ್ಟಿ ಖಾಲಿ ಬಿಟ್ಟೆ. ಆದರೆ ಆಫ್ ಮಾಡುವುದೂ ನನ್ನ ಕೈಯಲ್ಲೇ ಇತ್ತಲ್ಲ, ಅದಕ್ಕೆ ತುಮಕೂರಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಟೀಚರ್. ಅವರೆಕಾಳು ಬಿಡಿಸುತ್ತಾ ಪೂರ್ತಿ ಕೇಳಿ, "ಎಷ್ಟಾಗಿದೆ, ಸರಿಯಾಗಿ ಹೇಳೋ" ಅಂದಳು. ಹೇಳಿದೆ. ಬಯ್ಯಲಿಲ್ಲ. ಕಾಳು ಬಿಡಿಸುವುದು ನಿಲ್ಲಿಸಿದಳು, ಅದೇ ಸಾಕಾಗಿತ್ತು. ಎಕ್ಸ್‌ಚೇಂಜ್‌ಗೆ ಸೆಟ್ಟಿಂಗ್ ಬದಲಿಸಲು ಬೇಕಾದ ಆರಂಕಿ ಕೋಡ್ ತೋರಿಸುವ ಆ್ಯಪನ್ನು ಅವಳ ಫೋನಿನಲ್ಲಿ ಹಾಕಿ ನನ್ನದರಿಂದ ಅಳಿಸಿದೆ. ಸಂಬಳದ ಖಾತೆಯ ಯುಪಿಐ ತೆಗೆಸಿದೆ. ಮನೆಖರ್ಚಿಗೆ ಬೇರೆ ಖಾತೆ, ವಾರಕ್ಕೆ 3,000 ರೂಪಾಯಿ. ಟೆಲಿಗ್ರಾಂ ತೆಗೆದೆ. ರಾತ್ರಿ ಫೋನಿಗೆ ಅಡುಗೆಮನೆಯಲ್ಲಿ ಚಾರ್ಜು, ಅಲಾರಂಗೆ 250 ರೂಪಾಯಿಯ ಗಡಿಯಾರ.

ಮೊದಲ ಮೂರು ವಾರ ಕೆಟ್ಟದಾಗಿದ್ದವು. ನಿದ್ದೆ ಇಲ್ಲ, ಸಿಡುಕು. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಚಪಲ ಅಲೆಯ ಹಾಗೆ, ಏರಿ ತಾನಾಗಿ ಇಳಿಯುತ್ತದೆ, ಬಂದ ಹೊತ್ತು ಬರೆದಿಡಿ ಅಂದರು. ಬರೆದೆ. ಹೆಚ್ಚಿನವು ಅರ್ಧ ಗಂಟೆಯೊಳಗೆ ಇಳಿದಿದ್ದವು. ಸಂಬಳ ಬಿದ್ದ ದಿನ ಮತ್ತು ಬಾಸ್ ಹತ್ತಿರ ಬೈಸಿಕೊಂಡ ದಿನ, ಇವೆರಡಕ್ಕೇ ಪುಟ ತುಂಬಿತ್ತು.

ಎರಡನೇ ತಿಂಗಳು ಜಾರಿದೆ ಕೂಡ. ರಾತ್ರಿ 11:40ಕ್ಕೆ ಅಕ್ಕನಿಗೆ ಮೆಸೇಜ್: "ಅಕ್ಕಾ, ಕೋಡ್ ಕಳಿಸು, ಟ್ಯಾಕ್ಸ್ ಕೆಲಸ ಇದೆ."

"ಬೆಳಿಗ್ಗೆ ಬಾ, ತಿಂಡಿ ತಿಂದು ತಗೊಂಡು ಹೋಗು" ಅಂತ ಉತ್ತರ.

ಸಿಟ್ಟಿಗೆ ಫೋನ್ ಎಸೆದೆ, ಗಾಜು ಸೀಳಿತು. ಬೆಳಿಗ್ಗೆ ತುಮಕೂರಿಗೆ ಹೋಗಲಿಲ್ಲ, ಕೋಡೂ ಬೇಕಾಗಿರಲಿಲ್ಲ. ಸೀಳಿದ ಗಾಜು ಇನ್ನೂ ಹಾಗೇ ಇದೆ. ಆಟಕ್ಕೆಂದು ಮಾಡಿದ್ದ ಸಾಲದಲ್ಲಿ 1,35,000 ಬಾಕಿ, ತಿಂಗಳಿಗೆ 9,000ದಂತೆ ಇನ್ನು ಹದಿನೈದು ಕಂತು.