ಟಿವಿಯಲ್ಲಿ ಹೊಸ ರೋಗದ ಸುದ್ದಿ: ಗಾಬರಿಯಾಗದೆ ನೋಡುವುದು ಹೇಗೆ?

ಎಲ್ಲೋ ಒಂದು ಕಡೆ ಹೊಸ ರೋಗ ಕಾಣಿಸಿಕೊಂಡಿದೆ ಎಂದು ಗೊತ್ತಾದರೆ ಸಾಕು, ಟಿವಿ ಪರದೆ ಕೆಂಪಾಗುತ್ತದೆ. ಕೆಳಗೆ ಓಡುವ ಸಾಲು, ಮೂಲೆಯಲ್ಲಿ ಏರುತ್ತಲೇ ಇರುವ ಅಂಕಿ, ಎದೆ ಬಡಿದುಕೊಳ್ಳುವಂಥ ಸಂಗೀತ, ಗಿರಗಿರನೆ ತಿರುಗುವ ಮುಳ್ಳುಮುಳ್ಳಿನ ವೈರಸ್. ಅರ್ಧ ಗಂಟೆ ನೋಡಿದರೆ ನಮಗೂ ಗಂಟಲು ಕೆರೆದಂತಾಗುತ್ತದೆ, ಅಲ್ವಾ?

ಟಿವಿಯವರು ಬರೀ ಸುಳ್ಳು ಹೇಳುತ್ತಾರೆ, ಆಫ್ ಮಾಡಿಬಿಡಿ ಎಂದು ನಾನು ಹೇಳುವುದಿಲ್ಲ. ಅವರು ಹೇಳುವುದರಲ್ಲಿ ಹೆಚ್ಚಿನದು ನಿಜವೇ ಇರುತ್ತದೆ. ಆದರೆ ನಿಜವಾದ ಸಂಗತಿಯನ್ನೇ ಅದರ ಲೆಕ್ಕ, ಜಾಗ, ಕಾಲ ಎಲ್ಲದರಿಂದ ಕಿತ್ತು ತಂದು ದಿನವಿಡೀ ತೋರಿಸುತ್ತಿದ್ದರೆ ಯಾರಿಗಾದರೂ ಭಯವಾಗುತ್ತದೆ. ಕಿತ್ತು ಬಿಸಾಡಿದ ಆ ತುಂಡುಗಳನ್ನು ನಾವೇ ಹುಡುಕಿ ಮತ್ತೆ ಜೋಡಿಸಿಕೊಳ್ಳಬೇಕು. ಅದನ್ನು ಮಾಡುವ ಬಗೆ ಇಲ್ಲಿದೆ.

ಹೆಜ್ಜೆ 1: ಮೊದಲು ದನಿ ತೆಗೆಯಿರಿ

ರಿಮೋಟ್ ಎತ್ತಿಕೊಂಡು ಮ್ಯೂಟ್ ಒತ್ತಿ. ಸಂಗೀತ ಹೋಯಿತು, ಆಂಕರ್ ಕೂಗಾಟ ಹೋಯಿತು. ಈಗ ಪರದೆಯ ಮೇಲೆ ಉಳಿದಿದ್ದನ್ನು ನೋಡಿ. ಪಿಪಿಇ ಕಿಟ್ ತೊಟ್ಟವರು ಸ್ಟ್ರೆಚರ್ ತಳ್ಳುತ್ತಿರುವ ಅದೇ ಎಂಟು ಸೆಕೆಂಡಿನ ತುಣುಕು ಸುತ್ತಿ ಸುತ್ತಿ ಬರುತ್ತಿರುತ್ತದೆ, ಮೂಲೆಯಲ್ಲಿ ಕಂಡೂ ಕಾಣದಂತೆ ‘ಹಳೆಯ ದೃಶ್ಯ’ ಎಂದು ಬರೆದಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಹೊಸ ಮಾಹಿತಿ ಎರಡು ಸಾಲು ಇದ್ದರೆ ಹೆಚ್ಚು. ಆ ಎರಡು ಸಾಲನ್ನು ಮಾತ್ರ ಓದಿಕೊಳ್ಳಿ.

ಹೆಜ್ಜೆ 2: ‘ಹೊಸ ವೈರಸ್’ ಎಂದರೆ ಯಾರಿಗೆ ಹೊಸದು?

2025ರ ಜನವರಿಯಲ್ಲಿ ಎಚ್‌ಎಂಪಿವಿ ಎಂಬ, ನೆಗಡಿ-ಕೆಮ್ಮು ತರುವ ವೈರಸ್ಸಿನ ಗಲಾಟೆ ಎದ್ದಿದ್ದು ನೆನಪಿರಬಹುದು. ಚೀನಾದ ಆಸ್ಪತ್ರೆಯ ಜನಜಂಗುಳಿ ತೋರಿಸಿ, ಇನ್ನೊಂದು ಕೋವಿಡ್ ಬಂತು ಅನ್ನುವ ಹಾಗೆ ಹೇಳಿದ್ದೇ ಹೇಳಿದ್ದು. ಆದರೆ ಈ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಆಗಲೇ ಅವರು ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಇದು ಕನಿಷ್ಠ ಐವತ್ತು ವರ್ಷದಿಂದ ಜನರ ನಡುವೆ ಓಡಾಡಿಕೊಂಡಿದೆ ಎಂದು ಹೇಳಿದ್ದರು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗಿರುತ್ತದೆ. ಎಳೆ ಮಕ್ಕಳಿಗೆ, ವಯಸ್ಸಾದವರಿಗೆ ತೊಂದರೆ ಕೊಡಬಲ್ಲದು, ಅದು ನಿಜ. ಹೊಸದು ಅನ್ನುವುದು ಮಾತ್ರ ನಿಜವಲ್ಲ.

ಹಾಗಾಗಿ ಹೆಸರು ಕೇಳಿದ ಕೂಡಲೇ ಅದು ಮೊದಲು ಯಾವಾಗ ಪತ್ತೆಯಾಯಿತು ಎಂದು ಹುಡುಕಿ. ಐದು ನಿಮಿಷದ ಕೆಲಸ. ಈ ಒಂದೇ ಪ್ರಶ್ನೆಗೆ ಅರ್ಧ ಗಾಬರಿ ಇಳಿಯುವುದುಂಟು.

ಹೆಜ್ಜೆ 3: ಎಷ್ಟರಲ್ಲಿ ಎಷ್ಟು?

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಸ್ವಲ್ಪ ನಿಧಾನವಾಗಿ ನೋಡೋಣ.

ಪರದೆಯ ಮೂಲೆಯ ಅಂಕಿ ಸಾಮಾನ್ಯವಾಗಿ ಒಟ್ಟು ಕೇಸುಗಳದ್ದು. ಒಟ್ಟು ಅನ್ನುವುದು ಎಂದೂ ಇಳಿಯುವುದಿಲ್ಲ, ರೋಗ ಮುಗಿಯುತ್ತಾ ಬಂದರೂ ಅದು ಏರುತ್ತಲೇ ಇರುತ್ತದೆ. ನಿಮಗೆ ಬೇಕಾದದ್ದು ಈ ವಾರ ಬಂದ ಹೊಸ ಕೇಸು ಎಷ್ಟು, ಹೋದ ವಾರ ಎಷ್ಟಿತ್ತು ಎಂಬುದು. ಜೊತೆಗೆ ಎಷ್ಟು ಜನರನ್ನು ಪರೀಕ್ಷೆ ಮಾಡಿದರು ಎಂದೂ ಕೇಳಬೇಕು. ಪರೀಕ್ಷೆ ಹತ್ತು ಪಟ್ಟು ಮಾಡಿದರೆ ಕೇಸು ಜಾಸ್ತಿ ಸಿಗುವುದು ಸಹಜ.

ಇನ್ನು ‘ದುಪ್ಪಟ್ಟು’ ಎಂಬ ಮಾತು. ಬ್ರಿಟನ್ನಿನಲ್ಲಿ 1995ರಲ್ಲಿ ನಡೆದದ್ದು ಕೇಳಿ, ಅದು ಸಾಂಕ್ರಾಮಿಕದ ವಿಷಯವಲ್ಲ, ಆದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ಮಾಧ್ಯಮ ಆ ‘ಎರಡು ಪಟ್ಟು’ ಎಂಬುದನ್ನಷ್ಟೇ ಹಿಡಿದುಕೊಂಡಿತು. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಅಸಲಿ ಲೆಕ್ಕ ನೋಡಿದರೆ 7,000 ಜನರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತದೆ, ಅಷ್ಟೇ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂದು ಅಂದಾಜು. ಯಾರೂ ಸುಳ್ಳು ಹೇಳಿರಲಿಲ್ಲ ನೋಡಿ! ಎಷ್ಟರಿಂದ ಎಷ್ಟಕ್ಕೆ ಎನ್ನುವುದನ್ನು ಬಿಟ್ಟಿದ್ದರು, ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಸಾವಿನ ಪ್ರಮಾಣದ ಕಥೆಯೂ ಹೀಗೇ. ಯಾವುದೇ ರೋಗ ಶುರುವಾದಾಗ ಮೊದಲು ಲೆಕ್ಕಕ್ಕೆ ಸಿಗುವುದು ಆಸ್ಪತ್ರೆ ಸೇರುವಷ್ಟು ಹದಗೆಟ್ಟವರು. ನೆಗಡಿಯಂತೆ ಬಂದು ಹೋದವರನ್ನು ಯಾರು ಎಣಿಸುತ್ತಾರೆ? 2020ರ ಮಾರ್ಚ್ 3ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು, ವರದಿಯಾದ ಕೋವಿಡ್ ರೋಗಿಗಳಲ್ಲಿ ಸುಮಾರು ಶೇ 3.4ರಷ್ಟು ಮಂದಿ ಸತ್ತಿದ್ದಾರೆ ಎಂದರು. ‘ವರದಿಯಾದ’ ಎಂಬುದು ಸುದ್ದಿ ದಾಟುವಷ್ಟರಲ್ಲಿ ಉದುರಿಹೋಯಿತು. ಪರೀಕ್ಷೆಯೇ ಆಗದ ಸೋಂಕುಗಳನ್ನೂ ಸೇರಿಸಿದ ಆಮೇಲಿನ ಅಂದಾಜುಗಳು ಅದಕ್ಕಿಂತ ಸಾಕಷ್ಟು ಕಡಿಮೆ ಇದ್ದವು. ಹಾಗಂತ ಕೋವಿಡ್ ಸಣ್ಣ ರೋಗವಾಗಿತ್ತೇ? 2020 ಮತ್ತು 2021ರಲ್ಲಿ ಸಾಮಾನ್ಯ ವರ್ಷಗಳ ಸಾವಿಗಿಂತ ಹೆಚ್ಚುವರಿಯಾಗಿ ಸತ್ತವರು ಸುಮಾರು ಒಂದೂವರೆ ಕೋಟಿ ಎಂದು ಅದೇ ಸಂಸ್ಥೆ ಲೆಕ್ಕ ಹಾಕಿದೆ. ಶೇಕಡಾ ಲೆಕ್ಕ ಚಿಕ್ಕದಿದ್ದರೂ ಎಲ್ಲರಿಗೂ ಹರಡಿದರೆ ಸಾವು ದೊಡ್ಡದೇ ಆಗುತ್ತದೆ. ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 4: ಕೊಲ್ಲುವುದು ಬೇರೆ, ಹರಡುವುದು ಬೇರೆ

ಟಿವಿಯಲ್ಲಿ ಇವೆರಡನ್ನೂ ಕಲಸಿ ‘ಮಾರಕ ವೈರಸ್’ ಎಂದುಬಿಡುತ್ತಾರೆ. ನೀವು ಬಿಡಿಸಿಕೊಳ್ಳಿ. ನಿಪಾ ಬಂದವರಲ್ಲಿ ನೂರಕ್ಕೆ 40ರಿಂದ 75 ಮಂದಿ ಸಾಯಬಹುದು, ಆದರೆ ಅದು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ದಾಟುವುದಿಲ್ಲ. ದಡಾರ ಬಂದವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಆದರೆ ಲಸಿಕೆ ಇಲ್ಲದ ಕಡೆ ಒಬ್ಬ ರೋಗಿ 12ರಿಂದ 18 ಜನರಿಗೆ ಹರಡಬಲ್ಲ. ಹೀಗಿದ್ದೂ ಪರದೆ ಕೆಂಪಾಗುವುದು ನಿಪಾಕ್ಕೆ, ದಡಾರಕ್ಕಲ್ಲ.

2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಎಬೋಲಾದಿಂದ ತತ್ತರಿಸುತ್ತಿದ್ದಾಗ ಅಮೆರಿಕದ ಚಾನೆಲ್‌ಗಳು ತಮ್ಮ ದೇಶಕ್ಕೇ ರೋಗ ನುಗ್ಗಿತು ಅನ್ನುವ ಹಾಗೆ ಹಗಲು ರಾತ್ರಿ ಕೂಗಿದವು. ಕೊನೆಗೆ ಅಮೆರಿಕದ ನೆಲದಲ್ಲಿ ಸೋಂಕು ತಗುಲಿದ್ದು ಇಬ್ಬರಿಗೆ. ಇಬ್ಬರೂ ರೋಗಿಯನ್ನು ನೋಡಿಕೊಂಡ ನರ್ಸ್‌ಗಳು, ಇಬ್ಬರೂ ಗುಣವಾದರು. ಎಬೋಲಾ ಹರಡುವುದು ರೋಗಿಯ ರಕ್ತ, ವಾಂತಿಯಂಥವು ಮೈಗೆ ತಾಗಿದಾಗ. ಸೋಫಾದ ಮೇಲೆ ಕೂತು ಟಿವಿ ನೋಡುವವನಿಗೆ ಬರುವ ದಾರಿಯೇ ಇರಲಿಲ್ಲ, ಆದರೂ ನಿದ್ದೆ ಕೆಟ್ಟಿದ್ದು ಅವನಿಗೇ.

ಹೆಜ್ಜೆ 5: ಹೇಳುತ್ತಿರುವವರು ಯಾರು, ಎಷ್ಟು ಗಟ್ಟಿಯಾಗಿ?

ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದನ್ನು ಸುದ್ದಿಯ ಲೆಕ್ಕಕ್ಕೆ ಸೇರಿಸಬೇಡಿ. ‘ಮೂಲಗಳ ಪ್ರಕಾರ’, ‘ತಜ್ಞರು ಹೇಳುವಂತೆ’ ಎಂದರೆ ಯಾವ ತಜ್ಞರು, ಯಾವ ವಿಷಯದಲ್ಲಿ ತಜ್ಞರು ಎಂದು ನೋಡಿ. ಚರ್ಚೆಗೆ ಕೂತ ನಾಲ್ವರಲ್ಲಿ ಸೋಂಕು ರೋಗದ ಬಗ್ಗೆ ಓದಿದವರು ಒಬ್ಬರಾದರೂ ಇದ್ದರೆ ಪುಣ್ಯ.

‘ಹೊಸ ಸಂಶೋಧನೆ’ ಎಂದಾಗಲೂ ಹುಷಾರು. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಇಂಟರ್ನೆಟ್ಟಿಗೆ ಹಾಕುವ ಕರಡು ಪ್ರಬಂಧಗಳಿರುತ್ತವೆ. 2020ರ ಜನವರಿ ಕೊನೆಯಲ್ಲಿ ಅಂಥದ್ದೊಂದು ಕರಡು, ಕೊರೊನಾ ವೈರಸ್ಸಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂದಿತು. ವಿಜ್ಞಾನಿಗಳು ತಪ್ಪು ತೋರಿಸಿದ ಮೇಲೆ ಬರೆದವರೇ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಆದರೆ ಲ್ಯಾಬಿನಲ್ಲಿ ಕೂಡಿಸಿದ ವೈರಸ್ ಎಂಬ ಮಾತು ಅಷ್ಟರೊಳಗೆ ಜಗತ್ತನ್ನೇ ಸುತ್ತಿ ಬಂದಿತ್ತು. ದೊಡ್ಡ ಸುದ್ದಿ ಅನಿಸಿದರೆ ಎರಡು ದಿನ ಕಾಯಿರಿ. ಗಟ್ಟಿಯಾದದ್ದು ಎರಡು ದಿನದಲ್ಲಿ ಕರಗಿ ಹೋಗುವುದಿಲ್ಲ.

ಹೆಜ್ಜೆ 6: ಗಂಟೆಗೆ ಮಿತಿ ಹಾಕಿ

ಇದು ಮನಸ್ಸಿನ ವಿಷಯ. ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತದೆ ಎಂದು ನಮ್ಮ ತಲೆ ಲೆಕ್ಕ ಹಾಕುತ್ತದೆ. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ವಿವರಿಸಿದ್ದರು. ದಿನಕ್ಕೆ ಹತ್ತು ಸಲ ನೋಡಿದ ಸ್ಟ್ರೆಚರ್ ನೆನಪಿಗೆ ಬಾರದೆ ಇನ್ನೇನು ಬರುತ್ತದೆ? ಅದರ ಮೇಲೆ, ಹೊಸದಾದ, ಕಣ್ಣಿಗೆ ಕಾಣದ, ನಮ್ಮ ಕೈಯಲ್ಲಿಲ್ಲದ ಅಪಾಯಕ್ಕೆ ನಾವು ಅಳತೆ ಮೀರಿ ಹೆದರುತ್ತೇವೆ, ಹಳೆಯದಕ್ಕೆ ಒಗ್ಗಿಕೊಂಡಿರುತ್ತೇವೆ. ಕ್ಷಯಕ್ಕೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 12.5 ಲಕ್ಷ ಜನ ಬಲಿಯಾದರು. ಅದಕ್ಕೊಂದು ಬ್ರೇಕಿಂಗ್ ನ್ಯೂಸ್ ನೋಡಿದ್ದೀರಾ?

ಸುಮ್ಮನೆ ನೋಡುತ್ತಾ ಕೂರುವುದರಿಂದಲೂ ಏಟು ಬೀಳುತ್ತದೆ. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ನಂತರ ಸಂಶೋಧಕರು ಜನರ ಮಾನಸಿಕ ಒತ್ತಡ ಅಳೆದರು. ಮುಂದಿನ ಒಂದು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆ ಸುದ್ದಿಯಲ್ಲೇ ಮುಳುಗಿದ್ದವರು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡ ಅನುಭವಿಸಿದ್ದರು! ರೋಗದ ಸುದ್ದಿಗೆ ದಿನಕ್ಕೆ ಒಂದೇ ಸಲ, ಹದಿನೈದು ನಿಮಿಷ ಕೊಡಿ. ಮಲಗುವ ಮುಂಚೆ ಬೇಡ. ಕೆಂಪು ಪಟ್ಟಿ ಓಡುವ ಟಿವಿಯನ್ನು ಮಕ್ಕಳಿರುವ ಕೋಣೆಯಲ್ಲಿ ಹಾಕಿಡುವುದಂತೂ ಬೇಡವೇ ಬೇಡ.

ಹೆಜ್ಜೆ 7: ಇವತ್ತು ನಾನು ಏನು ಮಾಡಬೇಕು?

ಸುದ್ದಿ ನೋಡಿ ಮುಗಿದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ. ಕೈ ತೊಳೆಯಬೇಕೇ, ಲಸಿಕೆ ಹಾಕಿಸಬೇಕೇ, ನೀರು ಕಾಯಿಸಬೇಕೇ, ಸೊಳ್ಳೆ ತಡೆಯಬೇಕೇ? ಇದ್ದರೆ ಮಾಡಿ. ಏನೂ ಇಲ್ಲವೆಂದರೆ ಆ ಸುದ್ದಿ ಸದ್ಯ ನಿಮಗೆ ತಿಳಿವಳಿಕೆ ಮಾತ್ರ, ಮುಂದಿನ ಕೆಲಸ ನೋಡಿಕೊಳ್ಳಿ.

ಯಾಕೆಂದರೆ ಕೆಲಸ ಕೊಡದ ಭಯ ಸುಮ್ಮನೆ ಕೂರುವುದಿಲ್ಲ, ತಾನೇ ಕೆಲಸ ಹುಡುಕಿಕೊಳ್ಳುತ್ತದೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಪ್ಲೇಗಿಗೆ ಕೊಡುವ ಟೆಟ್ರಾಸೈಕ್ಲಿನ್ ಮಾತ್ರೆ ಅಂಗಡಿಗಳಿಂದ ಮಾಯವಾಯಿತು. ಇಡೀ ದೇಶದಲ್ಲಿ ಆ ಸಲ ಪ್ಲೇಗಿನಿಂದ ಸತ್ತರೆಂದು ಲೆಕ್ಕಕ್ಕೆ ಬಂದವರು 60ಕ್ಕೂ ಕಡಿಮೆ. 2009ರಲ್ಲಿ ‘ಹಂದಿ ಜ್ವರ’ ಎಂಬ ಹೆಸರಿಗೇ ಬೆಚ್ಚಿ ಈಜಿಪ್ಟ್ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಿಸಲು ಹೊರಟಿತು. ಆಗ ಅಲ್ಲಿ ಒಂದೂ ಕೇಸು ಇರಲಿಲ್ಲ, ರೋಗ ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಆಮೇಲೆ ಕೈರೋದ ಬೀದಿಗಳಲ್ಲಿ ಕಸ ಕೊಳೆಯಿತು, ಏಕೆಂದರೆ ನಗರದ ಹಸಿ ಕಸವನ್ನು ತಿಂದು ಮುಗಿಸುತ್ತಿದ್ದದ್ದು ಆ ಹಂದಿಗಳೇ. 2020ರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ಮದ್ದು ಎಂಬ ಸುದ್ದಿಗೆ ಜನ ಮುಗಿಬಿದ್ದರು, ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ದೇಹವನ್ನೇ ಕಾಡುವ ಕಾಯಿಲೆ) ರೋಗಿಗಳಿಗೆ ದಿನವೂ ಬೇಕಾಗಿದ್ದ ಅದೇ ಮಾತ್ರೆ ಸಿಗದೆ ಹೋಯಿತು. ಇರಾನಿನಲ್ಲಿ, ಆಲ್ಕೋಹಾಲ್ ಕುಡಿದರೆ ವೈರಸ್ ಸಾಯುತ್ತದೆ ಎಂಬ ವದಂತಿ ನಂಬಿ ಮೆಥನಾಲ್ ಬೆರೆತದ್ದನ್ನು ಕುಡಿದು ನೂರಾರು ಮಂದಿ ಸತ್ತರು.

ಇನ್ನೊಂದು ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಸೋಂಕಿತರನ್ನು ಕಳ್ಳರಂತೆ ತೋರಿಸಿದರೆ, ಅವರ ಮನೆ ಮುಂದೆ ಕ್ಯಾಮೆರಾ ನಿಲ್ಲಿಸಿದರೆ, ಮುಂದಿನ ರೋಗಿ ಜ್ವರ ಬಂದದ್ದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಜ್ವರ ಇನ್ನಷ್ಟು ಜನರಿಗೆ ಹರಡುತ್ತದೆ. ರೋಗಿಯ ಮುಖ, ಮನೆ, ಜಾತಿ, ಧರ್ಮ ತೋರಿಸುವ ವಿಡಿಯೊ ನಿಮ್ಮ ಫೋನಿಗೆ ಬಂದರೆ ಅಲ್ಲೇ ಅಳಿಸಿ, ಮುಂದಕ್ಕೆ ಕಳಿಸಬೇಡಿ.

ಹೆಜ್ಜೆ 8: ತೀರಾ ಉಡಾಫೆಯೂ ಬೇಡ

ಇಷ್ಟು ಓದಿ ‘ಎಲ್ಲಾ ಮಾಧ್ಯಮದವರ ಆಟ’ ಎಂದು ಕೈ ಕೊಡವಿಕೊಂಡರೆ ಅದೂ ಅಪಾಯ. 1918ರ ಫ್ಲೂ ಕಾಲದಲ್ಲಿ ಯುದ್ಧದಲ್ಲಿದ್ದ ದೇಶಗಳ ಪತ್ರಿಕೆಗಳು ಸೆನ್ಸಾರ್‌ಗೆ ಸಿಕ್ಕಿದ್ದವು. ಯುದ್ಧದಿಂದ ಹೊರಗಿದ್ದ ಸ್ಪೇನಿನ ಪತ್ರಿಕೆಗಳು ಮಾತ್ರ ರೋಗದ ಬಗ್ಗೆ ಬಿಚ್ಚಿ ಬರೆದವು, ಅದಕ್ಕೆ ಬಹುಮಾನವಾಗಿ ಅದು ಸ್ಪ್ಯಾನಿಷ್ ಫ್ಲೂ ಆಯಿತು! ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಧಿಕಾರಿಗಳು ಹೆದರುವಂಥದ್ದೇನಿಲ್ಲ ಎಂದು ಹೇಳಿ ಸೆಪ್ಟೆಂಬರ್ 28ರಂದು ಯುದ್ಧಕ್ಕೆ ಜನರಿಂದ ಸಾಲ ಎತ್ತುವ ಮೆರವಣಿಗೆ ನಡೆಸಿದರು. ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು, ಮುಂದಿನ ವಾರಗಳಲ್ಲಿ ಸಾವಿರಾರು ಜನ ಸತ್ತರು. 2003ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕಿನ ಸುದ್ದಿಯನ್ನು ಒತ್ತಿಟ್ಟಾಗ ಭಯವೇನೂ ಕಡಿಮೆಯಾಗಲಿಲ್ಲ, ಎಸ್‌ಎಂಎಸ್‌ನಲ್ಲಿ ವದಂತಿ ಓಡಿ ಜನ ರೋಗ ತಡೆಯುತ್ತದೆಂದು ನಂಬಿ ವಿನೆಗರ್ ಕೊಳ್ಳಲು ಸಾಲುಗಟ್ಟಿದರು. ಕೂಗಾಡುವ ಟಿವಿಗಿಂತ ಬಾಯಿ ಮುಚ್ಚಿಸಿಕೊಂಡ ಟಿವಿ ಕೆಟ್ಟದ್ದು ಎಂದೇ ನನ್ನ ಲೆಕ್ಕ.

ಹೆಜ್ಜೆ 9: ಟಿವಿ ಸುಮ್ಮನಾದ ಮೇಲೆ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. 2014ರ ನವೆಂಬರ್ ಮೊದಲ ವಾರ ಅಮೆರಿಕದಲ್ಲಿ ಚುನಾವಣೆ ಮುಗಿಯಿತು, ಅದರ ಜೊತೆಗೇ ಅಲ್ಲಿನ ಪರದೆಗಳಿಂದ ಎಬೋಲಾ ಹೆಚ್ಚುಕಡಿಮೆ ಮಾಯವಾಯಿತು. ಆಗ ಪಶ್ಚಿಮ ಆಫ್ರಿಕಾದಲ್ಲಿ ವರದಿಯಾಗಿದ್ದ ಕೇಸುಗಳು ಸುಮಾರು 13,000. ಎಲ್ಲ ಮುಗಿದಾಗ ಒಟ್ಟು ಕೇಸು 28,600 ದಾಟಿತ್ತು, ಸತ್ತವರು 11,300ಕ್ಕೂ ಹೆಚ್ಚು. ಅಂದರೆ ಅರ್ಧಕ್ಕಿಂತ ಹೆಚ್ಚು ಕೇಸುಗಳು ಬಂದದ್ದು ಟಿವಿಗೆ ಬೇಜಾರು ಬಂದ ಮೇಲೆ. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2016ರ ಮಾರ್ಚಿನಲ್ಲಿ.

ಹಾಗಾಗಿ ಈಗ ನಿಮ್ಮನ್ನು ಕಾಡುತ್ತಿರುವ ರೋಗದ ಹೆಸರನ್ನು ಫೋನಿನ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಂದಿನ ಒಂದು ತಾರೀಖಿಗೆ ಬರೆದಿಡಿ. ಆವತ್ತು ವಿಶ್ವ ಆರೋಗ್ಯ ಸಂಸ್ಥೆಯ ಅಥವಾ ನಿಮ್ಮ ಸರ್ಕಾರದ ಆರೋಗ್ಯ ಇಲಾಖೆಯ ಪುಟ ತೆರೆದು, ಎಷ್ಟು ಕೇಸು, ಎಷ್ಟು ಸಾವು, ಎಲ್ಲೆಲ್ಲಿ ಎಂದು ನೋಡಿ. ಯಾವ ಚಾನೆಲ್ ಏನು ಹೇಳಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು, ಮುಂದಿನ ಸಲ ಯಾರ ಸುದ್ದಿ ಹಾಕಿಕೊಳ್ಳಬೇಕು ಎಂದು ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.