‘ನಗು’ ಎನ್ನದೆ ಆಟಿಸಂ ಮಕ್ಕಳ ಫೋಟೊ ತೆಗೆದದ್ದು: ನನ್ನ ಅನುಭವ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ (ಬೆರೆಯುವ, ಸಂವಹಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಸೇರಿರುವುದರಿಂದ, ಯುಡಿಐಡಿ ಎಂಬ ಸರ್ಕಾರಿ ಅಂಗವಿಕಲರ ಗುರುತಿನ ಕಾರ್ಡಿನ ಫೋಟೊಕ್ಕಾಗಿ ಕೊಪ್ಪಳದ ನಮ್ಮ ಸ್ಟುಡಿಯೊಗೆ ಅಂಥ ಮಕ್ಕಳು ಬರುತ್ತಾರೆ. “ಅಣ್ಣಾರ, ನಮ್ ಹುಡುಗ ಯಾವ ಫೋಟೊದಾಗೂ ನಗಂಗಿಲ್ರಿ” ಎಂದು ತಾಯಂದಿರು ಆಲ್ಬಂ ತೆರೆದರೆ, ತೊಟ್ಟಿಲ ಕಾರ್ಯದಿಂದ ಜಾತ್ರೆಯವರೆಗೆ ಪ್ರತಿ ಚಿತ್ರದಲ್ಲೂ ಮಗು ಫ್ಲ್ಯಾಶಿಗೆ ಕಣ್ಣು ಮುಚ್ಚಿಯೋ, ಯಾರೋ ಗದ್ದ ಹಿಡಿದು ತಿರುಗಿಸಿದ್ದರಿಂದ ಬಿಗಿದುಕೊಂಡೋ ಇರುತ್ತದೆ. ಈ ಮಕ್ಕಳಿಗೆ ಭಾವವೇ ಇಲ್ಲವೆಂಬುದು ಸುಳ್ಳು. ಅದು ಮುಖದ ಮೇಲೆ ಮೂಡುವ ಹೊತ್ತೂ ರೀತಿಯೂ ಬೇರೆ. ಎಷ್ಟೋ ಸಲ ಬೆರಳುಗಳಲ್ಲೇ ಮೊದಲು ಕಾಣುತ್ತದೆ. ಅದಕ್ಕಾಗಿ ಕಾಯುತ್ತೇನೆಂದಾಗ ಜೊತೆಯ ಫೋಟೊಗ್ರಾಫರ್‌ಗಳು, ಅಂಗಡಿಯ ಬಾಡಿಗೆಯೂ ಹುಟ್ಟುವುದಿಲ್ಲ ಎಂದಿದ್ದರು.

ಮೊದಲು ಫ್ಲ್ಯಾಶಿನ ಬೆಳಕನ್ನು ಮೃದುಗೊಳಿಸುವ ಸಾಫ್ಟ್‌ಬಾಕ್ಸ್‌ಗಳಿಗೆ ಮೂವತ್ತು ಸಾವಿರದಷ್ಟು ಹೋಯಿತು; ಫ್ಲ್ಯಾಶ್ ಎಷ್ಟೇ ಮೃದುವಾದರೂ ಹಠಾತ್ ಬೆಳಕು ಬೆಳಕೇ. ಅಗ್ಗದ ಎಲ್‌ಇಡಿ ಹಾಕಿ ಕ್ಯಾಮೆರಾದ ಸೈಲೆಂಟ್ ಶಟರ್ ಬಳಸಿದಾಗ, ಆ ದೀಪಗಳ ಮಿನುಗಿಗೆ ಚಿತ್ರದ ತುಂಬ ಪಟ್ಟೆಗಳು ಬಂದವು. ಬೇಸಿಗೆಯಲ್ಲಿ ಕೂಲರ್ ಹಾಕಿದರೆ ಅದರ ಸದ್ದಿಗೆ ಮಕ್ಕಳು ಕಿವಿ ಮುಚ್ಚಿಕೊಂಡರು, ಆರಿಸಿದರೆ ಸೆಕೆ. ಕೊನೆಗೆ ಬೆಳಗಿನ ತಂಪು ಹೊತ್ತು, ಉತ್ತರದ ಕಿಟಕಿ, ಸೆಕೆಂಡ್‌ಹ್ಯಾಂಡ್ 85 ಎಂಎಂ ಲೆನ್ಸ್, ಸದ್ದಿಲ್ಲದ ಶಟರ್ ಇಷ್ಟಕ್ಕೆ ಬಂದು ನಿಂತೆ. ಮಗು ಮನೆಯಿಂದ ತಂದ ಆಟಿಕೆಯೊಡನೆ ನೆಲದ ಮೇಲಿರುತ್ತದೆ, ನಾನು ದೂರದಲ್ಲಿ ಕೂತಿರುತ್ತೇನೆ, ಯಾರೂ ಹೆಸರು ಕೂಗುವಂತಿಲ್ಲ. ಕೈ ಕುಣಿಯತೊಡಗಿದೊಡನೆ ಬರ್ಸ್ಟ್ (ಒಂದೇ ಸಮನೆ ಸಾಲು ಫೋಟೊ) ಹಿಡಿದು, ಮುಖ ಅರಳಿದ ಮೇಲೂ ಗುಂಡಿಯಿಂದ ಬೆರಳು ತೆಗೆಯುವುದಿಲ್ಲ. ಕಾರ್ಡಿಗೆ ಬೇಕಾದ ನೇರ ಮುಖವೂ ಅದರಲ್ಲೇ ಸಿಗುತ್ತದೆ. ಮಗು ತಾನಾಗಿ ಲೆನ್ಸಿನತ್ತ ತಿರುಗುವಂತೆ ಮಾಡುವ ಉಪಾಯ ಮಾತ್ರ ನನ್ನ ಹೊಟ್ಟೆಪಾಡಿನದು, ಇಲ್ಲಿ ಬರೆಯಲಾರೆ.

ನಡುವೆ 4ಕೆ ವಿಡಿಯೊದಿಂದ ಫ್ರೇಮ್ ತೆಗೆದೂ ನೋಡಿದೆ. ಎಂಟು ಮೆಗಾಪಿಕ್ಸೆಲ್ 8×6 ಪ್ರಿಂಟಿಗೆ ಸಾಕಾಯಿತಾದರೂ, ಸೆಕೆಂಡಿನ 1/50ರಷ್ಟು ನಿಧಾನದ ಶಟರಿನಲ್ಲಿ ಕುಣಿಯುವ ಕೈಗಳು ಕದಡಿದವು.

ಹಳೆಯ ಫೋಟೊ ತೋರಿಸಿ, “ಆವಾಗ್ಲೇ ಗೊತ್ತಾಗ್ಬೇಕಿತ್ತೇನ್ರಿ?” ಎಂದು ಕೇಳುವ ತಾಯಂದಿರಿದ್ದಾರೆ. ಫೋಟೊ ಎಂದರೆ ಸೆಕೆಂಡಿನ ಒಂದು ಚೂರು. ಅದರಿಂದ ಆಟಿಸಂ ಗುರುತಿಸಲಾಗದು. 1994ರಲ್ಲಿ ಅಮೆರಿಕದ ಸಂಶೋಧಕರಾದ ಓಸ್ಟರ್ಲಿಂಗ್ ಮತ್ತು ಡಾಸನ್ ಆಟಿಸಂ ಇದ್ದ, ಇಲ್ಲದ ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೊಗಳಲ್ಲಿ ಗಮನಿಸಿದ್ದು ಹೆಸರು ಕರೆದರೆ ತಿರುಗುವುದು, ಬೆರಳು ತೋರುವುದು, ಎದುರಿನವರ ಮುಖ ನೋಡುವುದು ಮುಂತಾದವನ್ನು. ಅಂಥ ವಿಡಿಯೊ ಮನೆಯಲ್ಲಿದ್ದರೆ ತಪಾಸಣೆಗೆಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗುವಾಗ ಒಯ್ಯಿರೆಂದು ಹೇಳುತ್ತೇನೆ.

ಈಗ ಗಂಗಾವತಿ, ಕುಷ್ಟಗಿಗಳಿಂದಲೂ ಬರುತ್ತಾರೆ. ಒಂದು ಬೆಳಗಿಗೆ ಒಂದೂವರೆ ಸಾವಿರದ ಆಸುಪಾಸು ಪಡೆಯುತ್ತೇನೆ. ಕಾರ್ಡಿನ ಫೋಟೊಕ್ಕೆ ಬೇರೆ ದುಡ್ಡಿಲ್ಲ. ಲೆನ್ಸಿನ ಸಾಲ ತೀರಿದೆ, ಅಂದು ಅನುಮಾನಿಸಿದವರಲ್ಲೇ ಇಬ್ಬರು ಇಂಥ ಮಕ್ಕಳನ್ನು ನನ್ನಲ್ಲಿಗೆ ಕಳಿಸುತ್ತಿದ್ದಾರೆ.