ಮೂರು ನಿಮಿಷದ ಓದಿಗೆ ಮೂರು ವಾರ: ಮನೆಯಲ್ಲೇ ಆಡಿಯೊಬುಕ್ ಡೆಮೊ ಮಾಡಿದ ನನ್ನ ಅನುಭವ

ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಗಟ್ಟಿಯಾಗಿ ಓದುವ ಅಭ್ಯಾಸ ಚಿಕ್ಕಂದಿನಿಂದಲೂ ಇದ್ದುದರಿಂದ, ಒಳ್ಳೆಯ ಮೈಕ್ ಒಂದಿದ್ದರೆ ಉಳಿದದ್ದು ತಾನಾಗಿಯೇ ಕೈಗೂಡುತ್ತದೆ ಎಂದು ನಂಬಿದ್ದೆ. ನಿರೂಪಕರನ್ನು ಆರಿಸುವವರು ಮೊದಲು ಕೇಳುವುದು ಡೆಮೊವನ್ನು, ಅಂದರೆ ಒಂದರಿಂದ ಐದು ನಿಮಿಷದ ಮಾದರಿ ಓದನ್ನು. ಅದರಲ್ಲಿ ಹಿನ್ನೆಲೆ ಸಂಗೀತವಾಗಲಿ ಬೇರೆ ಸದ್ದಿನ ಅಲಂಕಾರವಾಗಲಿ ಬೇಕಿಲ್ಲ. ಈ ದನಿಯನ್ನು ಎಂಟು ಹತ್ತು ಗಂಟೆ ಬೇಸರವಿಲ್ಲದೆ ಕೇಳಬಹುದೇ ಎಂಬುದನ್ನು ಅದು ತೋರಿಸಿಕೊಟ್ಟರೆ ಸಾಕು. ಅಂತಹ ಮೂರು ನಿಮಿಷದ ಓದನ್ನು ಮನೆಯಲ್ಲಿ ಸಿದ್ಧಪಡಿಸಲು ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಮೈಕಿನ ಮುಂದೆ ಕಳೆದ ಹೊತ್ತು ಕಡಿಮೆ. ಹೆಚ್ಚಿನ ಹೊತ್ತು ಹೋದದ್ದು ಕೋಣೆಯ ಸದ್ದಡಗಿಸುವುದಕ್ಕೆ ಮತ್ತು ನನ್ನ ವಾಕ್ಯಗಳ ಕೊನೆಯನ್ನು ಸರಿಪಡಿಸಿಕೊಳ್ಳುವುದಕ್ಕೆ.

ಮೊದಲ ದಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದರೊಳಗಿನ ಮೈಕಿನಲ್ಲೇ ಒಂದು ಪುಟ ಓದಿದೆ. ಮರಳಿ ಕೇಳಿದಾಗ ದನಿ ಬಾವಿಯೊಳಗಿಂದ ಬಂದಂತಿತ್ತು. ಮರುವಾರ ಯುಎಸ್‌ಬಿ ಮೈಕ್ ತಂದು ಅದೇ ಜಾಗದಲ್ಲಿ ಅದೇ ಪುಟ ಓದಿದೆ. ದನಿ ಹತ್ತಿರ ಬಂತು, ಆದರೆ ಬಾವಿ ಹೋಗಲಿಲ್ಲ. ಮೈಕ್ ಸೂಕ್ಷ್ಮವಾದಷ್ಟೂ ಕೋಣೆಯ ಗುಣದೋಷಗಳು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದು ಆಗ ಅರ್ಥವಾಯಿತು. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ಎದುರುಬದುರಾದ ಎರಡು ಬರಿಗೋಡೆಗಳ ನಡುವೆ ಆ ಸದ್ದು ಹಿಂದಕ್ಕೂ ಮುಂದಕ್ಕೂ ಚಿಮ್ಮಿ, ಕಂಚಿನ ಪಾತ್ರೆಯನ್ನು ಉಗುರಿನಿಂದ ತಟ್ಟಿದಂತಹ ಸಣ್ಣ ಗುಂಯ್‌ಗುಡುವಿಕೆಯೊಂದು ಉಳಿಯಿತು. ನಾನು ಆಡಿದ ಪ್ರತಿ ಅಕ್ಷರದ ಹಿಂದೆಯೂ ಮೈಕಿಗೆ ಕೇಳಿಸುತ್ತಿದ್ದುದು ಅದೇ.

ಪರಿಹಾರ ಸಿಕ್ಕಿದ್ದು ಮಲಗುವ ಕೋಣೆಯ ಬಟ್ಟೆಗಳ ಕಪಾಟಿನಲ್ಲಿ. ಬಾಗಿಲುಗಳನ್ನು ಪೂರ್ತಿ ತೆರೆದು, ತೂಗುಹಾಕಿದ ದಪ್ಪ ಬಟ್ಟೆಗಳ ಮುಂದೆ ಮೈಕ್ ನಿಲ್ಲಿಸಿ, ಅವುಗಳಿಗೆ ಮುಖಮಾಡಿ ಕುಳಿತೆ. ಪ್ರತಿಧ್ವನಿ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ನನ್ನದು ಕಾರ್ಡಿಯಾಯ್ಡ್ ಮಾದರಿಯ ಮೈಕ್. ಅದು ತನ್ನ ಮುಂಭಾಗದಿಂದ ಬರುವ ಸದ್ದನ್ನು ಹೆಚ್ಚಾಗಿಯೂ ಬೆನ್ನಿನ ಕಡೆಯಿಂದ ಬರುವುದನ್ನು ಬಹಳ ಕಡಿಮೆಯಾಗಿಯೂ ಹಿಡಿಯುತ್ತದೆ. ಮೈಕಿನ ಮುಂಭಾಗ ಇರುವುದು ನನ್ನ ಕಡೆಗೆ ಎಂದಾದರೆ, ಅದಕ್ಕೆ ಹೆಚ್ಚು ಕೇಳಿಸುವ ಗೋಡೆ ನನ್ನ ಬೆನ್ನ ಹಿಂದಿನ ಗೋಡೆಯೇ ಹೊರತು ಮೈಕಿನ ಹಿಂದಿನದಲ್ಲ. ಎರಡು ದಪ್ಪ ಕಂಬಳಿಗಳನ್ನು ಮಡಚಿ ನನ್ನ ಬೆನ್ನ ಹಿಂದೆ ತೂಗುಹಾಕಿದ ಮೇಲೆ ಚಪ್ಪಾಳೆಯ ಸದ್ದು ತಟ್ಟಿದಲ್ಲಿಯೇ ಸತ್ತಿತು. ಕಂಬಳಿಗಳು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಸದ್ದು ಮರಳಿ ಬಾರದಂತೆ ಹೀರಿಕೊಳ್ಳುತ್ತವೆ ಅಷ್ಟೆ. ಈ ಎರಡೂ ಬೇರೆ ಬೇರೆ ಕೆಲಸಗಳು ಎಂಬುದನ್ನು ಹೊಸಬರು ಮೊದಲೇ ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಕಾಲವೂ ಉಳಿಯುತ್ತದೆ.

ಹೊರಗಿನ ಗದ್ದಲಕ್ಕೆ ನಾನು ಕಂಡುಕೊಂಡ ಉಪಾಯ ಹೊತ್ತನ್ನು ಆರಿಸಿಕೊಳ್ಳುವುದು. ಬೆಳಗಿನ ಜಾವ ಐದರಿಂದ ಆರರವರೆಗೆ ರಸ್ತೆ ನಿಶ್ಶಬ್ದವಾಗಿರುತ್ತಿತ್ತು. ಓದುವ ಮೊದಲು ಏನೂ ಮಾತಾಡದೆ ಒಂದು ನಿಮಿಷದ ಮೌನವನ್ನು ರೆಕಾರ್ಡ್ ಮಾಡಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ದನಿಯ ಮಟ್ಟ ಏರಿಸಿ ಕೇಳುತ್ತಿದ್ದೆ. ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಪಾಠ ಬೇರೊಂದಿರಲಿಲ್ಲ. ಪಕ್ಕದ ಕೋಣೆಯ ಫ್ರಿಜ್ಜಿನ ಗುಂಯ್, ಲ್ಯಾಪ್‌ಟಾಪಿನ ಒಳಗಿನ ಫ್ಯಾನ್, ಗೋಡೆ ಗಡಿಯಾರದ ಟಿಕ್‌ಟಿಕ್, ಕುರ್ಚಿಯ ಕಿರುಗುಡುವಿಕೆ, ತೋಳು ಅಲುಗಿದಾಗ ಬಟ್ಟೆಯ ಸರಸರ, ಇವೆಲ್ಲ ಅದರಲ್ಲಿ ಇದ್ದವು. ಒಂದೊಂದನ್ನೇ ತೆಗೆದುಹಾಕಿದೆ: ಗಡಿಯಾರ ಹೊರಗೆ ಹೋಯಿತು, ಲ್ಯಾಪ್‌ಟಾಪ್ ಉದ್ದನೆಯ ವೈರಿನ ನೆರವಿನಿಂದ ಕಂಬಳಿಯ ಆಚೆಗೆ ಸರಿಯಿತು, ಮೆತ್ತನೆಯ ಹತ್ತಿ ಬಟ್ಟೆ ಮೈಮೇಲೆ ಬಂತು. ಫ್ರಿಜ್ಜನ್ನು ಮಾತ್ರ ಓದುವ ಅರ್ಧ ಗಂಟೆ ಆರಿಸಿಟ್ಟು, ಮತ್ತೆ ಹಾಕಲು ಮರೆಯದಂತೆ ಮೊಬೈಲನ್ನು ಅದರ ಮೇಲೆಯೇ ಇಡುತ್ತಿದ್ದೆ; ಮೊಬೈಲ್ ಕೋಣೆಯಿಂದ ಹೊರಗಿರಬೇಕಾದ ಅಗತ್ಯವೂ ಅದರಿಂದಲೇ ಪೂರೈಸಿತು.

ಮೈಕಿನ ದೂರದ ವಿಷಯಕ್ಕೆ ಬರುತ್ತೇನೆ. ಬಾಯಿಯಿಂದ ಮೈಕಿಗೆ ಇರುವ ದೂರ ಅರ್ಧಕ್ಕೆ ಇಳಿದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಕೋಣೆಯ ಗದ್ದಲವಾದರೋ ಇದ್ದಷ್ಟೇ ಇರುತ್ತದೆ. ಹಾಗಾಗಿ 60 ಸೆಂಟಿಮೀಟರ್ ದೂರದಿಂದ 15 ಸೆಂಟಿಮೀಟರಿಗೆ ಬಂದರೆ ಗದ್ದಲದ ಎದುರು ದನಿಗೆ ಸುಮಾರು 12 ಡೆಸಿಬಲ್‌ಗಳ ಮೇಲುಗೈ ಸಿಗುತ್ತದೆ. ಆದರೆ ತೀರ ಹತ್ತಿರ ಹೋದರೆ ಈ ಜಾತಿಯ ಮೈಕುಗಳು ಮಂದ್ರದ ಅಂಶವನ್ನು ಹಿಗ್ಗಿಸಿ ದನಿಯನ್ನು ಗುಡುಗಿನಂತೆ ಮಾಡುತ್ತವೆ, ಉಸಿರೂ ನೇರವಾಗಿ ಬಡಿಯುತ್ತದೆ. ನನಗೆ ಒಗ್ಗಿದ್ದು ಒಂದು ಗೇಣಿಗಿಂತ ತುಸು ಕಡಿಮೆ ದೂರ. ಹೆಬ್ಬೆರಳನ್ನು ತುಟಿಗೆ ತಾಗಿಸಿ ಕಿರುಬೆರಳು ಮೈಕಿನ ಜಾಲರಿಯನ್ನು ದಾಟುತ್ತದೆಯೇ ಎಂದು ಪ್ರತಿ ಸಲ ಅಳೆದು ನೋಡುತ್ತಿದ್ದೆ. ಕನ್ನಡದಲ್ಲಿ ಪ, ಬ ಮಾತ್ರವಲ್ಲದೆ ಫ, ಭದಂತಹ ಮಹಾಪ್ರಾಣಗಳೂ ಗಾಳಿಯ ಗುದ್ದನ್ನು ಹೊತ್ತು ತರುತ್ತವೆ. "ಭಯ" ಎಂಬ ಎರಡಕ್ಷರದ ಪದ ನನ್ನ ಎಷ್ಟೋ ಟೇಕ್‌ಗಳನ್ನು ಕೆಡಿಸಿತು. ಗಾಳಿಯ ಗುದ್ದನ್ನು ತಡೆಯುವ ಪಾಪ್ ಫಿಲ್ಟರ್ ಎಂಬ ತೆಳು ಪರದೆಯನ್ನು ಅಡ್ಡ ಇಟ್ಟು, ಮೈಕನ್ನು ಬಾಯಿಯ ನೇರಕ್ಕೆ ಬಿಡದೆ ಕೆನ್ನೆಯ ಕಡೆಗೆ ಸ್ವಲ್ಪ ಸರಿಸಿದಾಗ, ಮಹಾಪ್ರಾಣವನ್ನು ಮೊಟಕು ಮಾಡದೆಯೇ ಗುದ್ದು ತಪ್ಪಿತು. ಉಚ್ಚಾರವನ್ನು ಬಲಿಕೊಟ್ಟು ಈ ತೊಂದರೆಯಿಂದ ಪಾರಾಗುವುದನ್ನು ನಾನು ಒಪ್ಪುವುದಿಲ್ಲ. "ಭಾರ" ಎನ್ನುವುದು "ಬಾರ" ಎಂದು ಕೇಳಿಸಿದರೆ ಓದು ಎಷ್ಟು ನಿರ್ಮಲವಾಗಿದ್ದರೂ ತಪ್ಪು ತಪ್ಪೇ.

ಓದಲು ಯಾವ ಪಠ್ಯವನ್ನು ಆರಿಸುವುದು ಎಂಬುದರಲ್ಲಿ ನಾನು ಎಚ್ಚರ ವಹಿಸಿದೆ. ಹಕ್ಕುಸ್ವಾಮ್ಯವಿರುವ ಕೃತಿಯನ್ನು ಒಪ್ಪಿಗೆಯಿಲ್ಲದೆ ಓದಿ ಹಂಚುವಂತಿಲ್ಲ. ಹಕ್ಕುಸ್ವಾಮ್ಯ ಮುಗಿದ ಕೃತಿಯನ್ನು ಆರಿಸಬಹುದು. 2005ರಿಂದ ಸ್ವಯಂಸೇವಕರು ಉಚಿತ ಆಡಿಯೊಬುಕ್ ತಾಣವಾದ ಲಿಬ್ರಿವಾಕ್ಸ್‌ನಲ್ಲಿ ಓದುತ್ತಿರುವುದು ಅಂತಹ ಪುಸ್ತಕಗಳನ್ನೇ. ನನಗೆ ಕತೆ ಬರೆಯುವ ಗೆಳತಿಯೊಬ್ಬಳು ತನ್ನ ಅಪ್ರಕಟಿತ ಕತೆಯ ಎರಡು ಪುಟಗಳನ್ನು ಬಳಸಿಕೊಳ್ಳಲು ಬರವಣಿಗೆಯಲ್ಲೇ ಒಪ್ಪಿಗೆ ಕೊಟ್ಟಳು. ಅದರಲ್ಲಿ ನಿರೂಪಣೆಯೂ ಇತ್ತು, ಇಬ್ಬರು ಹೆಂಗಸರ ಮಾತುಕತೆಯೂ ಇತ್ತು. ವರ್ಣನೆಯಿಂದ ಆರಂಭಿಸದೆ, ಮಾತುಕತೆ ಬಿಸಿಯೇರಿದ ಜಾಗದಿಂದಲೇ ಓದಲು ತೊಡಗುವುದೆಂದು ನಿರ್ಧರಿಸಿದೆ, ಏಕೆಂದರೆ ನೂರಾರು ಡೆಮೊ ಕೇಳಬೇಕಾದವರು ಮೊದಲ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲೇ ಮನಸ್ಸು ಮಾಡಿಬಿಡುವ ಸಾಧ್ಯತೆ ಹೆಚ್ಚು.

ಆ ಪುಟದಲ್ಲಿ ಒಂದು ವಾಕ್ಯವಿತ್ತು: "ನೀನು ನಾಳೆ ಬರಬೇಕಾಗಿಲ್ಲ, ಎಂದು ಅಕ್ಕ ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದಳು." ಮೊದಲ ಓದಿನಲ್ಲಿ ನಾನು ಮಾತನ್ನು ಗಟ್ಟಿದನಿಯಲ್ಲಿ ಹೇಳಿ ಮುಗಿಸಿದ ಮೇಲಷ್ಟೇ ಅದು ಪಿಸುಮಾತು ಎಂದು ಕಣ್ಣಿಗೆ ಬಿತ್ತು. ನಮ್ಮ ಭಾಷೆಯ ವಾಕ್ಯದಲ್ಲಿ ಯಾರು ಹೇಳಿದರು, ಹೇಗೆ ಹೇಳಿದರು ಎಂಬುದು ಬಹುಮಟ್ಟಿಗೆ ಮಾತಿನ ನಂತರವೇ ಬರುತ್ತದೆ. ಆದ್ದರಿಂದ ಪುಟವನ್ನು ಮೊದಲೇ ಓದಿ ಗುರುತು ಹಾಕಿಕೊಳ್ಳದ ನಿರೂಪಕ ಪ್ರತಿ ಮಾತಿನಲ್ಲೂ ಎಡವುತ್ತಾನೆ. ಪೆನ್ಸಿಲ್ ಹಿಡಿದು, ಯಾರ ಮಾತು, ಯಾವ ದನಿ, ಎಲ್ಲಿ ಉಸಿರು ಎಂಬುದನ್ನು ಅಂಚಿನಲ್ಲಿ ಬರೆದುಕೊಂಡೆ. ಪಾತ್ರಗಳಿಗೆ ಬೇರೆ ಬೇರೆ ಕಂಠ ಕಟ್ಟಲು ಹೋಗಲಿಲ್ಲ. ಅಕ್ಕನ ಮಾತಿಗೆ ವೇಗವನ್ನು ಕೊಂಚ ತಗ್ಗಿಸಿದೆ, ತಂಗಿಯ ಮಾತಿಗೆ ಉಸಿರನ್ನು ಹಗುರಗೊಳಿಸಿದೆ. ಕೇಳುವವರಿಗೆ ಅಷ್ಟೇ ಸಾಕಾಯಿತು.

ಹೀಗೆ ಸಿದ್ಧವಾದ ಮೊದಲ ಪೂರ್ಣ ಓದನ್ನು ಗೆಳತಿಗೆ ಕಳುಹಿಸಿದೆ. ಅವಳು ಕೂಡಲೇ ಫೋನ್ ಮಾಡಿ, "ಎಲ್ಲ ಚೆನ್ನಾಗಿದೆ ಕಣೆ, ಆದರೆ ಅವಳು ನಾಳೆ ಬರಬೇಕೋ ಬೇಡವೋ?" ಎಂದು ಕೇಳಿದಳು. ಮರಳಿ ಕೇಳಿದೆ. "ಬರಬೇಕಾಗಿ" ಎಂಬಲ್ಲಿಯವರೆಗೆ ದನಿ ಸ್ಪಷ್ಟವಾಗಿತ್ತು, "ಇಲ್ಲ" ಮಾತ್ರ ಪಿಸುಮಾತಿನೊಳಗೆ ಮುಳುಗಿಹೋಗಿತ್ತು. ಅಲ್ಲಿಂದ ಮುಂದೆ ಹುಡುಕುತ್ತ ಹೋದರೆ ಅದೇ ದೋಷ ಓದಿನ ಉದ್ದಕ್ಕೂ ಇತ್ತು. ಕನ್ನಡ ವಾಕ್ಯ ತನ್ನ ತಿರುಳನ್ನು ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ: ಕ್ರಿಯಾಪದ, ಅದರ ಕಾಲ, ಮಾಡಿದವರು ಅವನೋ ಅವಳೋ, ಆದದ್ದೋ ಆಗದಿದ್ದುದೋ, ಎಲ್ಲವೂ ಅಲ್ಲಿಯೇ. ನಾನಾದರೋ ಉದ್ದ ವಾಕ್ಯಗಳ ಮೊದಲರ್ಧದಲ್ಲೇ ಉಸಿರನ್ನು ಖರ್ಚುಮಾಡಿ, ಬಹುಮುಖ್ಯವಾದ ಆ ಕೊನೆಯ ಪದವನ್ನು ಉಳಿದ ಚೂರು ಗಾಳಿಯಲ್ಲಿ ಹೇಳುತ್ತಿದ್ದೆ. ಒಂದು ವಾರ ಇದಕ್ಕೇ ಮೀಸಲಾಯಿತು. ಪ್ರತಿ ವಾಕ್ಯದ ಕೊನೆಯ ಪದದ ಕೆಳಗೆ ಗೆರೆ ಎಳೆದೆ, ಉದ್ದ ವಾಕ್ಯಗಳಲ್ಲಿ ಕ್ರಿಯಾಪದಕ್ಕೆ ಮುಂಚಿನ ಅಲ್ಪವಿರಾಮದಲ್ಲಿ ಸಣ್ಣ ಉಸಿರನ್ನು ಗುರುತಿಸಿದೆ, ಮತ್ತು ದನಿಯ ಸ್ವರ ಇಳಿದರೂ ಬಲ ಇಳಿಯದಂತೆ ಅಭ್ಯಾಸ ಮಾಡಿದೆ. "ಬರಬೇಕಾಗಿಲ್ಲ" ಎಂಬುದು ಪಿಸುಮಾತಾಗಿಯೂ ಪೂರ್ತಿಯಾಗಿಯೂ ಕೇಳಿಸಿದ್ದು ಹನ್ನೊಂದನೆಯ ಟೇಕ್‌ನಲ್ಲಿ.

ರೆಕಾರ್ಡಿಂಗಿಗೆ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶವನ್ನು ಬಳಸಿದೆ. 44.1 ಕಿಲೋಹರ್ಟ್ಸ್, 24 ಬಿಟ್, ಮೋನೊ ಎಂದು ಹೊಂದಿಸಿ, ಅತಿ ಜೋರಿನ ಮಾತೂ ಮೈನಸ್ 6 ಡೆಸಿಬಲ್ ದಾಟದಂತೆ (ಈ ಅಳತೆಯಲ್ಲಿ ಸೊನ್ನೆಯೇ ಗರಿಷ್ಠ ಮಟ್ಟ) ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ, ಇಟ್ಟುಕೊಂಡೆ. ತಪ್ಪಿದಾಗ ಮೊದಲಿನಿಂದ ಓದುವ ಬದಲು ಪಂಚ್ ಅಂಡ್ ರೋಲ್ ವಿಧಾನ ಅನುಸರಿಸಿದೆ: ತಪ್ಪಿದ ಜಾಗದ ಹಿಂದಿನ ಕೆಲವು ಸೆಕೆಂಡುಗಳ ನನ್ನದೇ ಓದು ಹೆಡ್‌ಫೋನಿನಲ್ಲಿ ಕೇಳಿಸುತ್ತದೆ, ಅದರ ಲಯ ಹಿಡಿದು ಮುಂದುವರಿದರೆ ಹೊಸ ಓದು ಹಳೆಯದಕ್ಕೆ ಬೆಸೆದುಕೊಳ್ಳುತ್ತದೆ. ನಾಲಿಗೆಯ ಚಟಚಟ ಸದ್ದಿಗೆ ನೀರೇ ಮದ್ದು. ಆದರೆ ಓದುವ ಹೊತ್ತಿಗೆ ಕುಡಿದರೆ ಪ್ರಯೋಜನ ಕಡಿಮೆ, ಒಂದೆರಡು ಗಂಟೆ ಮುಂಚಿನಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಕೊನೆಯ ಹಂತದ ಅಳತೆಗಳಿಗೆ ನಿರೂಪಕರು ಆಡಿಯೊಬುಕ್ ಸಿದ್ಧಪಡಿಸಿ ಮಾರಾಟಕ್ಕೆ ಕೊಡುವ ಎಸಿಎಕ್ಸ್ ಎಂಬ ಆನ್‌ಲೈನ್ ವೇದಿಕೆ ಪ್ರಕಟಿಸಿರುವ ನಿಯಮಗಳನ್ನೇ ಗುರಿಯಾಗಿಟ್ಟುಕೊಂಡೆ. ಅದರಂತೆ ಓದಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್‌ಗಳ ನಡುವೆ ಇರಬೇಕು, ಶಿಖರ, ಅಂದರೆ ಅತಿ ಜೋರಿನ ಕ್ಷಣ, ಮೈನಸ್ 3 ಮೀರಬಾರದು, ಮೌನದ ಜಾಗದ ಗದ್ದಲ ಮೈನಸ್ 60ಕ್ಕಿಂತ ಕೆಳಗಿರಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಸರಾಸರಿ ಮೈನಸ್ 30ರಲ್ಲಿಯೂ ಗದ್ದಲ ಮೈನಸ್ 66ರಲ್ಲಿಯೂ ಇದ್ದವು. ಗದ್ದಲ ಗೆದ್ದೆನೆಂದುಕೊಂಡು ದನಿಯನ್ನು 10 ಡೆಸಿಬಲ್ ಏರಿಸಿದಾಗ ಗದ್ದಲವೂ ಅಷ್ಟೇ ಏರಿ ಮೈನಸ್ 56ಕ್ಕೆ ಬಂದು ನಿಂತಿತು. ಗದ್ದಲ ತೆಗೆಯುವ ಫಿಲ್ಟರ್ ಹಾಕಿ ನೋಡಿದೆ; ಅಳತೆ ಸರಿಹೋಯಿತು, ದನಿ ಮಾತ್ರ ನೀರಿನಡಿಯಿಂದ ಮಾತಾಡಿದಂತಾಯಿತು. ಅದನ್ನು ಬಿಟ್ಟು, ಫ್ರಿಜ್ಜನ್ನು ಆರಿಸಲು ತೊಡಗಿದ್ದೂ ಮೈಕಿಗೆ ಇನ್ನಷ್ಟು ಹತ್ತಿರ ಬಂದದ್ದೂ ಈ ಸೋಲಿನ ನಂತರವೇ. ಅಂತಿಮ ಫೈಲಿನಲ್ಲಿ ಮಾಡಿದ ತಿದ್ದುಪಡಿ ಅತ್ಯಲ್ಪ: 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ, ಮಟ್ಟ ಏರಿಸಿದೆ, ಶಿಖರಗಳು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿದೆ. ಉಸಿರಾಟವನ್ನು ಪೂರ್ತಿ ಅಳಿಸಲಿಲ್ಲ; ಉಸಿರೇ ಇಲ್ಲದ ಓದು ಮನುಷ್ಯರದೆಂದು ಅನ್ನಿಸುವುದಿಲ್ಲ. ತೀರ ಜೋರಾದವನ್ನು ತಗ್ಗಿಸಿ, ತೆಗೆಯಲೇಬೇಕಾದ ಕಡೆ ಬರಿಯ ಶೂನ್ಯವನ್ನು ತುಂಬದೆ, ಮೊದಲೇ ಹಿಡಿದಿಟ್ಟಿದ್ದ ಕೋಣೆಯ ಮೌನವನ್ನು ಅಂಟಿಸಿದೆ. ಕೊನೆಗೆ 192 ಕೆಬಿಪಿಎಸ್‌ನ ಎಂಪಿ3 ಫೈಲಾಗಿ ಉಳಿಸಿ, ಹೆಡ್‌ಫೋನಿನಲ್ಲಿ, ಮೊಬೈಲಿನ ಸ್ಪೀಕರಿನಲ್ಲಿ, ಅಡುಗೆ ಮಾಡುತ್ತ ದೂರದಿಂದ, ಹೀಗೆ ಮೂರು ಬಗೆಯಲ್ಲಿ ಕೇಳಿದೆ. "ಇಲ್ಲ" ಮೂರರಲ್ಲೂ ಕೇಳಿಸಿತು.

ಡೆಮೊ ಕಳುಹಿಸಿದ ಕೆಲವು ದಿನಗಳ ನಂತರ, ಅದೇ ದನಿಯಲ್ಲಿ ಬೇರೊಂದು ಪಠ್ಯದ ಐದು ಪುಟ ಓದಿ ಕಳುಹಿಸುವಂತೆ ಕೇಳಿ ಉತ್ತರ ಬಂತು. ಅಷ್ಟರಲ್ಲಿ ಕಂಬಳಿಗಳು ಹಾಸಿಗೆಗೆ ಮರಳಿದ್ದವು, ಮೈಕಿನ ಗೇನ್ ಎಲ್ಲಿತ್ತೆಂಬುದು ಮರೆತುಹೋಗಿತ್ತು, ಹಿಂದಿನ ದನಿಯನ್ನು ಮರಳಿ ಹಿಡಿಯಲು ಒಂದಿಡೀ ಬೆಳಗು ಬೇಕಾಯಿತು. ಈಗ ಕಪಾಟಿನ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ. ಕುರ್ಚಿಯ ಕಾಲುಗಳ ಜಾಗ, ಮೈಕಿನ ಎತ್ತರ, ತುಟಿಯಿಂದ ಮೈಕಿಗೆ ಇರುವ ಅಳತೆ, ಗೇನ್ ಗುಂಡಿಯ ಸ್ಥಾನ, ಓದಿದ ಹೊತ್ತು ಎಲ್ಲವೂ ಅದರಲ್ಲಿವೆ. ನೆಲದ ಮೇಲೆ ಕುರ್ಚಿಯ ನಾಲ್ಕು ಕಾಲುಗಳಿಗೂ ಟೇಪಿನ ಗುರುತು ಹಾಕಿದ್ದೇನೆ.